ಬಾನೆಟ್ ತೆರೆದರೆ ಕೇಳದ ಸದ್ದು

ಗ್ಯಾರೇಜಿನ ಶಟರ್ ಎತ್ತುವ ಮೊದಲೇ ಬಾಗಿಲಲ್ಲಿ ಕಾದು ನಿಂತಿರುವ ಗಿರಾಕಿಯನ್ನು ಕಂಡರೆ ನನಗೆ ಅನುಮಾನ. ನೆಮ್ಮದಿಯಾಗಿರುವವರು ಯಾರೂ ಅಷ್ಟು ಬೆಳಿಗ್ಗೆ ಮೆಕ್ಯಾನಿಕ್ ಮುಖ ನೋಡಲು ಬರುವುದಿಲ್ಲ. ಆ ದಿನ ನಿಂತಿದ್ದವರು ಭದ್ರಾವತಿಯಿಂದ ದಿನವೂ ಶಿವಮೊಗ್ಗಕ್ಕೆ ಕಾರಿನಲ್ಲಿ ಓಡಾಡುವ ಬ್ಯಾಂಕಿನ ಮೇಡಂ. ಕೀಯನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟರು. ಇದು ಜಗಳಕ್ಕೆ ಬಂದ ಗಾಡಿ ಎಂದು ಅಷ್ಟಕ್ಕೇ ಗೊತ್ತಾಯಿತು.

“ನೀವು ಕೈ ಹಾಕಿದ್ಮೇಲೆ ಶುರುವಾಗಿರೋದು ಇದು. ಮುಂಚೆ ಈ ಸೌಂಡ್ ಇರ್ಲಿಲ್ಲ,” ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಆ ಕಾರಿನ ಟೈಮಿಂಗ್ ಚೈನ್ ಬದಲಿಸಿದ್ದು ನಿಜ. ಎಂಜಿನ್ನಿನ ಮೇಲಿನ ವಾಲ್ವುಗಳನ್ನೂ ಕೆಳಗಿನ ಕ್ರ್ಯಾಂಕನ್ನೂ ಒಂದೇ ಲೆಕ್ಕದಲ್ಲಿ ಓಡಿಸುವ ಸರಪಳಿ ಅದು. ಕೆಲಸ ಮುಗಿಸಿ ಕೊಟ್ಟಾಗ ಎಂಜಿನ್ ಸ್ಟಾರ್ಟ್ ಆಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಿತ್ತು, ಅಷ್ಟು ಮೆತ್ತಗೆ ಓಡುತ್ತಿತ್ತು. ಈಗ ಕೀ ತಿರುಗಿಸಿ ಡ್ರೈವರ್ ಸೀಟಿನಲ್ಲಿ ಕೂತೆ. ಕಾಲಡಿಯಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಕಟಕಟಕಟ ಎಂಬ ಸದ್ದು. ಅದರ ಜೊತೆಗೆ ಸೀಟು, ಸ್ಟೀರಿಂಗ್, ಬಾಗಿಲು ಎಲ್ಲವೂ ಗುಂಯ್ ಎನ್ನುತ್ತಿದ್ದವು.

“ಭದ್ರಾವತೀಲಿ ಒಬ್ರು ಮೆಕ್ಯಾನಿಕ್‌ಗೆ ತೋರ್ಸಿದೆ. ಎಂಜಿನ್ ಬಾಟಮ್ ಹೋಗಿದೆ, ಬೇರಿಂಗ್ ತಿಂದಿದೆ, ಪೂರ್ತಿ ಬಿಚ್ಚಬೇಕು ಅಂದ್ರು. ಚೈನ್ ಹಾಕೋವಾಗ ಯಾರೋ ಎಡವಟ್ಟು ಮಾಡಿದಾರೆ ಅಂತಾನೂ ಅಂದ್ರು.”

“ಅನ್ನದೆ ಇರ್ತಾರಾ ಮೇಡಂ? ಒಬ್ಬ ಮೆಕ್ಯಾನಿಕ್ ಇನ್ನೊಬ್ಬನ ಕೆಲಸ ಹೊಗಳಿದ್ದನ್ನ ನಾನಂತೂ ಇವತ್ತಿನವರೆಗೂ ಕೇಳಿಲ್ಲ.”

ಅವರು ನಗಲಿಲ್ಲ. ನನ್ನ ಮುರುಕು ಸ್ಟೂಲಿನ ಮೇಲೆ ಕೂತು, ಸ್ವಲ್ಪ ದನಿ ತಗ್ಗಿಸಿ ಹೇಳಿದರು. ಅವರ ತಾಯಿಗೆ ವಾರಕ್ಕೆ ಎರಡು ಸಲ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮಗಳು ಬರುವಾಗ ಕರೆತಂದು ಬಿಟ್ಟು ಬ್ಯಾಂಕಿಗೆ ಹೋಗುತ್ತಾರೆ, ಮಧ್ಯಾಹ್ನ ಪರ್ಮಿಷನ್ ಹಾಕಿ ವಾಪಸ್ ಕರೆದೊಯ್ಯುತ್ತಾರೆ. ಕಾರಿನಲ್ಲಿ ಈ ಸದ್ದು ಬಂದಾಗಿನಿಂದ ಆ ತಾಯಿ, ಸತ್ತರೂ ಈ ಗಾಡಿ ಹತ್ತುವುದಿಲ್ಲ ಎಂದು ಕೂತುಬಿಟ್ಟಿದ್ದಾರಂತೆ.

“ಹೋದ ಸಲ ತಪ್ಸಿದ್ರು. ಕಾಲೆಲ್ಲಾ ಊದ್ಕೊಂಡು, ಮಲಗಿದ್ರೆ ಉಸಿರು ಕಟ್ಟೋದು. ಬಾಡಿಗೆ ಕಾರು ಮಾಡ್ಕೊಂಡು ಓಡಿ ಬಂದ್ವಿ. ಇನ್ನೊಂದು ಸಲ ತಪ್ಸಿದ್ರೆ ನನ್ನ ಕೈಲೂ ಏನೂ ಆಗಲ್ಲ ಅಂತ ಡಾಕ್ಟರ್ ಬೈದು ಕಳಿಸಿದ್ರು. ನಾಡಿದ್ದು ಬೆಳಿಗ್ಗೆ ಮತ್ತೆ ಬರ್ಬೇಕು. ಆ ಬಾಡಿಗೆ ಕಾರಿನವನಿಗೆ ಈಗ ಮದುವೆ ಸೀಸನ್, ಬೆಳಿಗ್ಗೆ ಹೊತ್ತು ಆಗಲ್ಲ ಅಂತಾನೆ. ಆಟೋ, ಬಸ್ಸು ಅಂದ್ರೆ ಅಮ್ಮ ಒಲ್ಲೆ ಅಂತಾರೆ.”

“ಬಾಡಿಗೆ ಕಾರಿಗೆ ಮಾತಾಡ್ದೆ ಹತ್ತಿದ್ರಾ?”

“ಹತ್ತಿದ್ರು. ಅದಕ್ಕೇ ಹೇಳ್ತಿರೋದು, ನಮ್ಮ ಗಾಡೀಲೇ ಏನೋ ಇದೆ. ಅದನ್ನ ಇಟ್ಟಿರೋದು ನೀವು.”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಉಸಿರು ಕಟ್ಟುವ ತಾಯಿಯ ಮಾತು ಎದುರಿಗಿರುವಾಗ ಸಿಟ್ಟು ತೋರಿಸುವುದು ಹೇಗೆ? ಕೀ ತೆಗೆದುಕೊಂಡೆ.

ಸದ್ದು ಹುಡುಕುವ ಕೆಲಸದಲ್ಲಿ ನನ್ನದೊಂದು ಕ್ರಮವಿದೆ. ಮೊದಲು ಎಲ್ಲರನ್ನೂ ಅನುಮಾನಿಸುವುದು, ಆಮೇಲೆ ಒಬ್ಬೊಬ್ಬರನ್ನಾಗಿ ಬಿಡುಗಡೆ ಮಾಡುವುದು. ಆ ದಿನ ಮೊದಲು ಕಟಕಟೆಗೆ ಬಂದದ್ದು ಬೇರಿಂಗ್. ಡಿಪ್‌ಸ್ಟಿಕ್ ಎಳೆದು ಆಯಿಲ್ಲನ್ನು ಬೆರಳಲ್ಲಿ ಉಜ್ಜಿದೆ, ಮೂಸಿದೆ, ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿ ಬಿಸಿಲಿಗೆ ಹಿಡಿದೆ. ಆಯಿಲ್ ಫಿಲ್ಟರ್ ಬಿಚ್ಚಿ, ತಗಡಿನ ಡಬ್ಬಿಯನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಸೀರೆ ಬಿಡಿಸಿದ ಹಾಗೆ ಬಿಡಿಸಿ ನೋಡಿದೆ. ಬೇರಿಂಗ್ ತಿಂದಿದ್ದರೆ ಅದರ ಮಡಿಕೆಗಳಲ್ಲಿ ಮಿರಮಿರ ಮಿಂಚುವ ಪುಡಿ ಕೂತಿರಬೇಕು. ಒಂದು ಚೂರೂ ಇರಲಿಲ್ಲ.

ಭದ್ರಾವತಿಯ ಮಹಾನುಭಾವ ಎಂಜಿನ್ ಬಿಚ್ಚುವ ಆಸೆಗೆ ಹೇಳಿದ್ದಾನೆ ಎಂದುಕೊಂಡೆ. ಆದರೂ ಬಿಡಲಿಲ್ಲ. ಹೊಸ ಫಿಲ್ಟರ್ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲಿನ ಕನೆಕ್ಷನ್ ಕಿತ್ತೆ. ಬೆಂಕಿ ನಿಂತ ಸಿಲಿಂಡರಿನ ಮೇಲೆ ಒತ್ತಡವಿರುವುದಿಲ್ಲ, ಅದರ ಬೇರಿಂಗ್ ಬಡಿಯುತ್ತಿದ್ದರೆ ಸದ್ದು ಇಳಿಯಬೇಕು. ಇಲ್ಲಿ ಯಾವುದನ್ನು ಕಿತ್ತರೂ ಸದ್ದು ಇಳಿಯುವ ಬದಲು ಏರಿತು. ಇದೇನು ವಿಚಿತ್ರ ಎಂದು ತಲೆ ಕೆರೆದುಕೊಂಡೆನೇ ಹೊರತು ಅದರ ಅರ್ಥ ನನಗೆ ಹೊಳೆಯಲಿಲ್ಲ.

ಆಮೇಲೆ ನನ್ನದೇ ಸರದಿ. ನಾನು ಹಾಕಿದ ಚೈನೇ ಸಡಿಲವಾಗಿದ್ದರೆ? ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಡುಪ್ಲಿಕೇಟ್ ಆಗಿದ್ದರೆ? ಸ್ಪೇರ್ ಅಂಗಡಿಯವನಿಗೆ ಫೋನ್ ಮಾಡಿದೆ.

“ಭಾಯ್, ನಿಜ ಹೇಳಿ, ಆ ಟೆನ್ಷನರ್ ಒರಿಜಿನಲ್ಲಾ?”

“ಅರೇ, ಏನ್ ಮಾತು ಇದು? ನಿಮಗೆ ನಕಲಿ ಮಾಲ್ ಕೊಟ್ಟು ನಾನು ಇದೇ ಬಜಾರ್‌ನಲ್ಲಿ ಮುಖ ಎತ್ತಿ ಓಡಾಡ್ಲಾ? ಬಿಚ್ಚಿ ನೋಡಿ. ನಕಲಿ ಆದ್ರೆ ನನ್ನ ಅಂಗಡಿ ಶಟರ್ ಎಳ್ದುಬಿಡಿ.”

ಬಿಚ್ಚಿ ನೋಡಿದೆ. ವಾಲ್ವ್ ಕವರ್ ತೆಗೆಯುವುದೆಂದರೆ ಆ ಕಾರಿನಲ್ಲಿ ಅರ್ಧ ದಿನದ ಕೆಲಸ. ಪೈಪು, ವೈರು ಒಂದರ ಮೇಲೊಂದು ಹಬ್ಬಿರುತ್ತವೆ. ಚೈನ್ ವೀಣೆಯ ತಂತಿಯಂತೆ ಬಿಗಿಯಾಗಿ ಕೂತಿತ್ತು, ಟೆನ್ಷನರ್ ತನ್ನ ಪಾಡಿಗೆ ತಾನು ಒತ್ತಿ ಹಿಡಿದಿತ್ತು. ನನ್ನ ಮರ್ಯಾದೆ ಉಳಿಯಿತೆಂದು ಸಂತೋಷವಾಗಬೇಕಿತ್ತು. ಆದರೆ ಹೊತ್ತು ಮಧ್ಯಾಹ್ನ ದಾಟಿತ್ತು, ಸದ್ದು ಹಾಗೇ ಇತ್ತು. ಕವರ್ ಮತ್ತೆ ಮುಚ್ಚಿ, ಬೆಲ್ಟ್ ತೆಗೆದು ಒಂದು ನಿಮಿಷ ಓಡಿಸಿದೆ, ಆಲ್ಟರ್ನೇಟರ್ರೂ ಎಸಿ ಕಂಪ್ರೆಸ್ಸರ್ರೂ ನಿರ್ದೋಷಿಗಳೆಂದು ಗೊತ್ತಾಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಇಟ್ಟು ಮೂಲೆಮೂಲೆಯನ್ನೂ ಕೇಳಿದೆ. ಎಂಜಿನ್ ಒಳಗೆಲ್ಲ ಶಾಂತವಾಗಿತ್ತು.

ನನ್ನನ್ನು ನಿಜಕ್ಕೂ ಕಾಡಿದ್ದು ಇದು. ಕಾರಿನ ಒಳಗೆ ಕೂತರೆ ಎದೆಗೇ ಬಡಿಯುವ ಸದ್ದು, ಇಳಿದು ಬಾನೆಟ್ ತೆರೆದು ಬಗ್ಗಿದರೆ ಅರ್ಧಕ್ಕರ್ಧ ಇಲ್ಲ. ಇಂಥ ಸದ್ದನ್ನು ನಾನು ನಂಬುವುದಿಲ್ಲ. ಕಳ್ಳ ಮನೆಯೊಳಗಿದ್ದರೆ ಮನೆಯ ಹತ್ತಿರ ಹೋದಷ್ಟೂ ಗಲಾಟೆ ಜೋರಾಗಬೇಕಲ್ಲವೇ?

ಸಂಜೆ ಮೇಡಂ ಬಂದರು. ಬಿಡಿಸಿಟ್ಟ ಫಿಲ್ಟರ್ ಕಾಗದ ತೋರಿಸಿದೆ, ಫೋನಿನಲ್ಲಿ ತೆಗೆದಿಟ್ಟಿದ್ದ ಚೈನಿನ ಫೋಟೋ ತೋರಿಸಿದೆ, ಬೇರಿಂಗ್ ಹೋಗಿಲ್ಲ ಎಂದೆ.

“ನಿಮ್ಮದೇ ಕೆಲಸ ಅಲ್ವಾ? ಚೆನ್ನಾಗಿದೆ ಅಂತಾನೇ ಹೇಳ್ತೀರಿ,” ಎಂದರು. ಕೂಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. “ಹೋಗ್ಲಿ, ಬಿಚ್ಚಿಬಿಡಿ. ಎಂಜಿನ್ ಇಳಿಸಿ ನೋಡಿ. ಅಮ್ಮನಿಗೆ ಎಂಜಿನ್ ಪೂರ್ತಿ ಹೊಸದು ಮಾಡ್ಸಿದೀವಿ ಅಂತ ಹೇಳಿದ್ರಾದ್ರೂ ಹತ್ತಬಹುದು.”

ಒಪ್ಪಿಕೊಂಡಿದ್ದರೆ ನನಗೆ ಸಲೀಸು. ಗಿರಾಕಿಯೇ ಬಿಚ್ಚು ಎಂದಿದ್ದಾರೆ. ಒಳಗೆ ಏನೂ ಸಿಗದಿದ್ದರೂ ಹೊಸ ಬೇರಿಂಗ್ ಹಾಕಿ, ಎಲ್ಲ ತೊಳೆದು ಜೋಡಿಸಿ ಕೊಟ್ಟರೆ ಯಾರೂ ನನ್ನತ್ತ ಬೆರಳು ತೋರಿಸುತ್ತಿರಲಿಲ್ಲ. ಆದರೆ ಇಳಿಸಿದ ಎಂಜಿನ್ ನಾಡಿದ್ದು ಬೆಳಿಗ್ಗೆಗೆ ಮತ್ತೆ ಏರುವುದಿಲ್ಲ. ಆ ತಾಯಿ ಇನ್ನೊಂದು ಸಲ ತಪ್ಪಿಸುತ್ತಾರೆ. ಅದೂ ಅಲ್ಲದೆ, ಇಲ್ಲದ ರೋಗಕ್ಕೆ ಹೊಟ್ಟೆ ಕೊಯ್ಯುವುದು ನನ್ನಿಂದಾಗದ ಕೆಲಸ.

“ಬಿಚ್ಚಲ್ಲ ಮೇಡಂ,” ಎಂದೆ. “ನಾಳೆ ಒಂದು ದಿನ ಕೊಡಿ. ಈ ಗಾಡೀನ ನಾನೇ ಓಡಿಸ್ಕೊಂಡು ನಿಮ್ಮನೆಗೆ ಬರ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಎಲ್ಲಿ, ಯಾವಾಗ ಸೌಂಡ್ ಬರುತ್ತೆ ಅಂತ ದಾರೀಲಿ ನೀವು ಹೇಳ್ತಾ ಬನ್ನಿ.”

“ನಾಳೇನೂ ಸಿಗ್ಲಿಲ್ಲ ಅಂದ್ರೆ?”

“ಆಗ ನೀವು ಹೇಳಿದ್ದೇ ಸರಿ ಅಂತ ಒಪ್ಕೋತೀನಿ.”

ಹೇಳಿದ್ದೇನೋ ಹೇಳಿಬಿಟ್ಟೆ.

ಮರುದಿನ ಅವರು ಬ್ಯಾಂಕಿಗೆ ರಜೆ ಹಾಕಿ ಬಂದರು. ಊರು ದಾಟಿ ರಸ್ತೆ ಬಿಡುವಾದ ಮೇಲೆ ನಾನು ಕಾರಿನ ಜೊತೆ ಆಟ ಶುರುಮಾಡಿದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಟಕಟ ನಿಂತಿತು. ಕಾಲು ತೆಗೆದರೆ ಮತ್ತೆ ಬಂತು. ಒತ್ತಿದೆ, ನಿಂತಿತು. ಬಿಟ್ಟೆ, ಬಂತು. ಹೋದ ಬೇರಿಂಗ್ ಭಾರ ಬಿದ್ದಾಗ ಕಿರುಚಿಕೊಳ್ಳುತ್ತದೆ, ಇದು ಭಾರ ಬಿದ್ದಾಗ ಬಾಯಿ ಮುಚ್ಚುತ್ತಿತ್ತು. ಅಂದರೆ ಭಾರಕ್ಕೆ ಯಾವುದೋ ಸಡಿಲ ವಸ್ತು ಒಂದು ಕಡೆ ಒತ್ತಿಕೊಂಡು ಕೂರುತ್ತಿದೆ, ಬಿಟ್ಟಾಗ ಅಲ್ಲಾಡುತ್ತಿದೆ.

ಮಾಚೇನಹಳ್ಳಿಯ ಫ್ಯಾಕ್ಟರಿಗಳ ಹತ್ತಿರ ಟೀ ಕುಡಿಯಲು ನಿಲ್ಲಿಸಿ, ಹೊರಡುವಾಗ ರಿವರ್ಸ್ ಹಾಕಿ ಕ್ಲಚ್ ಬಿಟ್ಟೆ. ಕಾರಿನ ಹೊಟ್ಟೆಯೊಳಗೆ ಟಕ್ ಎಂದು ಒಂದು ಏಟು ಬಿತ್ತು.

“ಇದು ಯಾವಾಗ್ಲೂ ಹೀಗೇ,” ಎಂದರು ಮೇಡಂ. “ಮನೆ ಗೇಟಿಂದ ಹಿಂದಕ್ಕೆ ತಗೊಳ್ಳೋವಾಗ ಒಂದೇ ಒಂದು ಸಲ ಹೊಡೆಯುತ್ತೆ. ಆಮೇಲೆ ಇರಲ್ಲ.”

“ಇದನ್ನ ನಿನ್ನೆ ಯಾಕೆ ಹೇಳ್ಲಿಲ್ಲ?”

“ಎಂಜಿನ್ನೇ ಹೋಗಿದೆ ಅನ್ನೋವಾಗ ಇದೊಂದು ಸಣ್ಣ ವಿಷಯ ಅಂತ ಬಿಟ್ಟೆ.”

ಅವರು ಬಿಟ್ಟ ಸಣ್ಣ ವಿಷಯವೇ ನನಗೆ ಬೇಕಾಗಿದ್ದದ್ದು. ಎಂಜಿನ್ ಎಂಬುದು ಕಾರಿನ ಚೌಕಟ್ಟಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಮೂರು ಕಡೆ ರಬ್ಬರಿನ ಮೌಂಟುಗಳ ಮೇಲೆ ಕೂತಿರುತ್ತದೆ. ಎರಡು ಮೇಲ್ಗಡೆ ಕಾಣುತ್ತವೆ. ಅವನ್ನು ನಿನ್ನೆಯೇ ಸನ್ನೆಕೋಲು ಹಾಕಿ ಅಲ್ಲಾಡಿಸಿ ನೋಡಿದ್ದೆ, ಸರಿಯಾಗಿದ್ದವು. ಮೂರನೆಯದು ಎಂಜಿನ್ನಿನ ಹಿಂದೆ, ತಳದಲ್ಲಿ ಅಡಗಿರುವ ಸಣ್ಣದೊಂದು ತೋಳು. ಎಂಜಿನ್ ಮುಂದಕ್ಕೂ ಹಿಂದಕ್ಕೂ ವಾಲದಂತೆ ತಡೆಯುವುದು ಅದರ ಕೆಲಸ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಕೆಸರು ಮೆತ್ತಿದ ಮುದ್ದೆ ಕಂಡಿತ್ತು. ಜಾಗದಲ್ಲೇ ಇದೆಯಲ್ಲ ಎಂದು ಮುಂದೆ ಹೋಗಿದ್ದೆ.

ಭದ್ರಾವತಿಯ ಅವರ ಮನೆ ಮುಂದೆ ಕಾರು ನಿಲ್ಲಿಸಿದಾಗ ಗೇಟಿನಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಮೇಡಂ ಅವರ ತಂದೆ. ಉಕ್ಕಿನ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡಿ ನಿವೃತ್ತರಾದ ಟರ್ನರ್. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು. ನನಗೆ ಒಂದು ನಮಸ್ಕಾರ ಹಾಕಿ ಸುಮ್ಮನಾದರು. ಸಾಮಾನ್ಯವಾಗಿ ಇಂಥ ಯಜಮಾನರು ನನ್ನಂಥವನನ್ನು ಕಂಡರೆ ಹತ್ತು ಪ್ರಶ್ನೆ ಕೇಳುತ್ತಾರೆ, ಐದಕ್ಕೆ ತಾವೇ ಉತ್ತರ ಹೇಳುತ್ತಾರೆ. ಇವರು ಏನನ್ನೂ ಕೇಳಲಿಲ್ಲ. ನನಗೆ ಅಲ್ಲಿಂದಲೇ ವಾಸನೆ ಹೊಡೆಯಿತು.

ಜಾಕ್ ಕೊಟ್ಟು ಮುಂಭಾಗ ಎತ್ತಿ, ಸ್ಟ್ಯಾಂಡ್ ಇಟ್ಟು ಭದ್ರ ಮಾಡಿ, ಗೋಣಿಚೀಲ ಹಾಸಿಕೊಂಡು ಕೆಳಗೆ ಜಾರಿದೆ. ನಾನು ಟಾರ್ಚ್ ಕೇಳುವ ಮೊದಲೇ ಪಕ್ಕದಿಂದ ಬೆಳಕು ಬಂತು. ಹಿರಿಯರು ಮೊಣಕಾಲೂರಿ ಕೂತು ಟಾರ್ಚ್ ಹಿಡಿದಿದ್ದರು. ಆ ಬೆಳಕು ಅತ್ತಿತ್ತ ಹುಡುಕಾಡಲಿಲ್ಲ, ನೇರವಾಗಿ ಹೋಗಿ ಆ ಮೂರನೇ ಮೌಂಟಿನ ಮೇಲೆ ನಿಂತಿತು. ನಾನು ಯಾವ ಜಾಗ ನೋಡಬೇಕೆಂದು ಅವರಿಗೆ ಹೇಳಿದವರು ಯಾರು?

ಬಟ್ಟೆಯಿಂದ ಕೆಸರು ಒರೆಸಿದೆ. ಕಪ್ಪು ರಬ್ಬರ್ ಇರಬೇಕಾದ ಕಡೆ ಬೆಳ್ಳಗೆ ಹೊಳೆಯುವ ಉಕ್ಕಿನ ಬುಷ್, ನಡುವೆ ತೂತಿರುವ ದಪ್ಪ ಬಳೆಯಂಥದ್ದು, ಕೂತಿತ್ತು.

ಅಂಥ ಕೆಲಸವನ್ನು ನಾನು ಅಂಗಡಿಯಲ್ಲೂ ನೋಡಿಲ್ಲ. ಅಂಚುಗಳನ್ನು ಕೈಗೆ ತಾಗದಂತೆ ಇಳಿಜಾರಾಗಿ ಕಡೆದಿದ್ದರು. ಮೈಗೆ ಕನ್ನಡಿಯ ನುಣುಪು. ಸವೆಯಬಾರದೆಂದು ಗ್ರೀಸ್ ತುಂಬಲು ಪುಟ್ಟದೊಂದು ನಿಪ್ಪಲ್ ಬೇರೆ ಕೂರಿಸಿದ್ದರು. ಆದರೂ ನಡುವಿನ ಬೋಲ್ಟಿನ ತೂತು ಸವೆದು ಒಂದಿಷ್ಟು ಅಗಲವಾಗಿತ್ತು. ಎಂಜಿನ್ ನಡುಗಿದಾಗಲೆಲ್ಲ ಬೋಲ್ಟ್ ಆ ತೂತಿನಲ್ಲಿ ಬಡಿಯುತ್ತಿತ್ತು, ಬಡಿದದ್ದು ನೇರವಾಗಿ ಚೌಕಟ್ಟಿಗೆ ಹತ್ತಿ ಸೀಟಿನ ತನಕ ಹೋಗುತ್ತಿತ್ತು. ಅದಕ್ಕೇ ಒಳಗೆ ಕೂತವರಿಗೆ ಕೇಳುವ ಸದ್ದು ಬಾನೆಟ್ ತೆರೆದವನಿಗೆ ಅಷ್ಟಾಗಿ ಕೇಳುತ್ತಿರಲಿಲ್ಲ. ಸಿಲಿಂಡರಿನ ಕನೆಕ್ಷನ್ ಕಿತ್ತಾಗ ಎಂಜಿನ್ ಹೆಚ್ಚು ನಡುಗಿ ಸದ್ದು ಏರಿದ್ದೂ ಇದಕ್ಕೇ.

“ಯಜಮಾನ್ರೇ, ಇದನ್ನ ಹಾಕಿದ್ದು ಯಾರು?” ಎಂದು ಕೆಳಗಿನಿಂದಲೇ ಕೇಳಿದೆ.

“ಯಾವುದು?”

“ಟಾರ್ಚ್ ಎಲ್ಲಿ ಬಿಟ್ಟಿದೀರೋ ಅದೇ.”

ಮಗಳು ಒಳಗೆ ಹೋಗಿದ್ದನ್ನು ನೋಡಿಕೊಂಡು ಅವರು ಮೆಲ್ಲಗೆ ಬಾಯಿ ಬಿಟ್ಟರು.

“ನೀನು ಚೈನ್ ಹಾಕಿ ಕೊಟ್ಟ ಸ್ವಲ್ಪ ದಿನಕ್ಕೇ ರಬ್ಬರ್ ಹರಿದು ಹೋಗಿತ್ತು ಮಾರಾಯ. ಗಾಡಿ ಕುಲುಕಾಟಕ್ಕೆ ನಮ್ಮನೆಯವಳು ಆಸ್ಪತ್ರೆಯಿಂದ ಬಂದವಳೇ ಗೇಟಲ್ಲೇ ವಾಂತಿ ಮಾಡ್ಕೋತಿದ್ಳು. ಒಂದು ಭಾನುವಾರ ಬಗ್ಗಿ ನೋಡ್ದೆ. ರಬ್ಬರ್ ಇನ್ನೊಂದು ಹಾಕಿದ್ರೆ ಇನ್ನೊಂದ್ಸಲ ಹರಿಯುತ್ತೆ. ಮಾಚೇನಹಳ್ಳೀಲಿ ನಮ್ಮ ಹಳೇ ಜೊತೆಗಾರನ ಲೇತ್ ಇದೆ. ಅಲ್ಲಿ ಹೋಗಿ ಟರ್ನ್ ಮಾಡ್ಕೊಂಡು ಬಂದೆ. ಒಳ್ಳೇ ಸ್ಟೀಲ್, ಮೊಮ್ಮಕ್ಕಳ ಕಾಲದವರೆಗೂ ಅಲ್ಲಾಡಲ್ಲ. ಕಾರ್ಖಾನೇಲಿ ಯಾವ ಬುಷ್ ಹೋದ್ರೂ ನಾವು ಅಂಗಡಿಗೆ ಹೋದವರಲ್ಲ, ನಾವೇ ಮಾಡಿ ಹಾಕ್ತಿದ್ವಿ.”

“ಅಲ್ಲಾಡಲೇಬೇಕು ಯಜಮಾನ್ರೇ! ಅಲ್ಲಾಡೋದೇ ಅದರ ಕೆಲಸ. ಎಂಜಿನ್ ನಡುಗಿದ್ದನ್ನೆಲ್ಲ ರಬ್ಬರ್ ತಾನು ತಿಂದು, ಹರಿದು ಸಾಯ್ಬೇಕು. ಒಳಗೆ ಕೂತೋರಿಗೆ ಗೊತ್ತಾಗಬಾರದು. ನೀವು ಉಕ್ಕು ಹಾಕಿ ಎಂಜಿನ್ನಿನ ನಡುಕ ಎಲ್ಲಾ ನಿಮ್ಮನೆಯವರ ಮೈಗೇ ಕಟ್ಟಿಬಿಟ್ಟಿದೀರಿ.”

ಮಾತು ಸ್ವಲ್ಪ ಖಾರವಾಯಿತು. ಆದರೆ ಎರಡು ದಿನದಿಂದ ಕಳ್ಳನ ಪಟ್ಟ ಹೊತ್ತು ತಿರುಗಿದವನು ನಾನು. ಹಿರಿಯರು ಟಾರ್ಚ್ ಆರಿಸಿದರು.

“ಮಗಳಿಗೆ ಹೇಳ್ಬೇಡ,” ಎಂದರು. “ಏನೋ ಒಂದು ಲೂಸ್ ಇತ್ತು ಅಂದ್ಬಿಡು.”

“ಅದಾಗಲ್ಲ. ಅವರು ನನ್ನ ಕೆಲಸದ ಮೇಲೆ ಅನುಮಾನ ಪಟ್ಟಿದಾರೆ. ನೀವಾಗೇ ಹೇಳ್ತೀರೋ, ನಾನು ಹೇಳ್ಲೋ?”

ಅವರೇ ಹೇಳಿದರು, ಅಷ್ಟರ ಮಟ್ಟಿಗೆ ಗಟ್ಟಿ ಮನುಷ್ಯ. ನಾನು ಕಾರಿನ ಕೆಳಗಿನಿಂದ ಬರುವಷ್ಟರಲ್ಲಿ ಅಪ್ಪ ಮಗಳು ಎದುರುಬದುರು ನಿಂತಿದ್ದರು.

“ಅಪ್ಪಾ, ಇಷ್ಟು ದಿನ ಬಾಯಿ ಮುಚ್ಕೊಂಡಿದ್ರಲ್ಲಾ! ಅಮ್ಮ ಆ ದಿನ ಉಸಿರು ಸಿಗದೆ ಒದ್ದಾಡ್ತಿದ್ರೂ ಹೇಳ್ಬೇಕು ಅನ್ನಿಸ್ಲಿಲ್ವಾ?”

“ನನ್ನ ಬುಷ್‌ನಿಂದ ಸೌಂಡ್ ಬರುತ್ತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ನಾನು ಮಾಡಿದ ಕೆಲಸದಿಂದ ಯಾವತ್ತೂ ಸೌಂಡ್ ಬಂದಿಲ್ಲ,” ಎಂದರು ಅವರು. “ಆಮೇಲಾಮೇಲೆ ಅನುಮಾನ ಬಂತು,” ಎಂದು ಸೇರಿಸಿದರು.

ಮಗಳು ಮೆಟ್ಟಿಲ ಮೇಲೆ ಕೂತರು. ನನ್ನ ಕಡೆ ತಿರುಗಿ “ಸಾರಿ” ಎಂದರು. ನಿನ್ನೆಯಿಂದ ಆ ಮಾತಿಗಾಗಿ ಕಾದಿದ್ದೆ, ಬಂದಾಗ ಅದನ್ನು ಇಟ್ಟುಕೊಳ್ಳಲು ನನಗೆ ಜಾಗ ಸಿಗಲಿಲ್ಲ. ಚಹಾ ಇದ್ದರೆ ಕೊಡಿ ಎಂದೆ.

ಆ ಮೌಂಟ್ ಭದ್ರಾವತಿಯಲ್ಲಿ ಸಿಗಲಿಲ್ಲ. ಹಿಂದಿನ ದಿನ ಜಗಳವಾಡಿದ್ದ ಸ್ಪೇರ್ ಅಂಗಡಿಯವನಿಗೇ ಫೋನ್ ಮಾಡಬೇಕಾಯಿತು. ಅವನು ಮನಸಾರೆ ನಕ್ಕು, ಮೌಂಟನ್ನು ಪೇಪರಿನಲ್ಲಿ ಸುತ್ತಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ. ಬಿಸಿಲು ಇಳಿಯುವ ಮುಂಚೆ ಅದು ಕೈ ಸೇರಿತು. ಎಂಜಿನ್ನಿನ ತಳಕ್ಕೆ ಹಲಗೆ ತುಂಡು ಇಟ್ಟು ಜಾಕಿನಿಂದ ಆನಿಸಿ ಹಿಡಿದೆ. ಬೋಲ್ಟ್ ಹೊಡೆದು ತೆಗೆದೆ, ಹಳೆಯ ತೋಳು ಉಕ್ಕಿನ ಬುಷ್ ಸಮೇತ ಕೈಗೆ ಬಂತು. ಹೊಸದನ್ನು ಕೂರಿಸಿ ಬೋಲ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ಬಿಟ್ಟೆ. ಜಾಕ್ ಇಳಿಸಿ, ಎಂಜಿನ್ ತನ್ನ ಭಾರ ತಾನು ಹಾಕಿಕೊಂಡು ಹೇಗೆ ಬೇಕೋ ಹಾಗೆ ಕೂತ ಮೇಲೆ ಬಿಗಿ ಮಾಡಿದೆ. ಮೊದಲೇ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ. ಹಿರಿಯರು ಒಂದೊಂದು ಸ್ಪ್ಯಾನರನ್ನೂ ಕೇಳುವ ಮೊದಲೇ ಸರಿಯಾದ ಸೈಜಿನದು ಕೊಡುತ್ತಿದ್ದರು.

ಸ್ಟಾರ್ಟ್ ಮಾಡಿದೆ. ಕಟಕಟ ಇಲ್ಲ. ಸೀಟಿಗೆ ಬೆನ್ನು ಕೊಟ್ಟರೆ ನಡುಕ ಇಲ್ಲ. ರಿವರ್ಸ್ ಹಾಕಿ ಕ್ಲಚ್ ಬಿಟ್ಟೆ, ಏಟೂ ಇಲ್ಲ.

“ಅಮ್ಮನ್ನ ಕರೀರಿ,” ಎಂದೆ. ಅವರು ಒಪ್ಪುವ ತನಕ ಈ ಕೆಲಸ ಮುಗಿದಂತಲ್ಲ.

ಮಗಳ ಹೆಗಲು ಹಿಡಿದು ನಿಧಾನವಾಗಿ ಬಂದರು. ನೋವುಂಡ ಮುಖ, ಆದರೆ ಕಣ್ಣುಗಳು ಚುರುಕಾಗಿದ್ದವು. ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದೆವು. ಎಂಜಿನ್ ಓಡುತ್ತಿತ್ತು. ನಾನು ಕಿಟಕಿಯ ಹತ್ತಿರ ಬಗ್ಗಿ ನಿಂತೆ. ಗಾಡಿ ನೋಡಲು ಬಂದವರು ಕಿವಿ ಕೊಟ್ಟು ಕೇಳುತ್ತಾರೆ. ಇವರು ಕೇಳುವ ಗೋಜಿಗೇ ಹೋಗಲಿಲ್ಲ. ಕಣ್ಣು ಮುಚ್ಚಿ, ಬಲಗೈಯನ್ನು ಸೆರಗಿನ ಒಳಗೆ ಎಡ ಮುಂಗೈ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಇದೇನು ಪರೀಕ್ಷೆ ಎಂದು ನನಗೆ ಮತ್ತೆ ಅನುಮಾನ.

“ಸೌಂಡ್ ಹೋಗಿದ್ಯಾ ಅಮ್ಮ?”

“ಗಾಡೀದು ಹೋಗಿದೆ,” ಎಂದರು. “ನಂದು ತಿಳೀತಿದೆ.”

ನನಗೆ ಅರ್ಥವಾಗಲಿಲ್ಲ. ಅವರು ಸೆರಗು ಸರಿಸಿ ಎಡಗೈ ತೋರಿಸಿದರು. ಮೊಣಕೈಯಿಂದ ಕೆಳಗೆ ನರವೊಂದು ಹಗ್ಗದ ಹಾಗೆ ಉಬ್ಬಿತ್ತು, ಅದರ ಮೇಲೆ ಸೂಜಿ ಚುಚ್ಚಿದ ಕಲೆಗಳು. ಡಯಾಲಿಸಿಸ್‌ಗೆ ಸೂಜಿ ಹಾಕಲೆಂದು ಆಪರೇಷನ್ ಮಾಡಿ ಕೈಯಲ್ಲಿ ಎರಡು ರಕ್ತನಾಳ ಜೋಡಿಸಿರುತ್ತಾರೆ, ರಕ್ತ ಜೋರಾಗಿ ನುಗ್ಗುವುದರಿಂದ ಆ ಜಾಗ ಯಾವಾಗಲೂ ಒಳಗೊಳಗೇ ನಡುಗುತ್ತಿರುತ್ತದೆ ಎಂದು ಮಗಳು ವಿವರಿಸಿದರು.

“ಇದು ನಿಲ್ಲಬಾರದಂತಪ್ಪ,” ಎಂದರು ಆ ತಾಯಿ. “ದಿನಾ ಕೈ ಇಟ್ಟು ನೋಡ್ಕೋಬೇಕು, ನಿಂತ್ರೆ ಆ ಗಳಿಗೇಲೇ ಓಡಿ ಬರ್ಬೇಕು ಅಂತ ನರ್ಸಮ್ಮ ಹೇಳಿದಾರೆ. ನನ್ನ ಪಕ್ಕದ ಬೆಡ್ಡಿನಾಕೆದು ದಾರೀಲೇ ನಿಂತೋಯ್ತು. ಮತ್ತೆ ಕತ್ತಿಗೆ ಪೈಪ್ ಹಾಕಿದ್ರು, ಪಾಪ. ಅವತ್ತಿನಿಂದ ನಾನು ದಾರಿ ಪೂರ್ತಿ ಇಲ್ಲಿ ಕೈ ಇಟ್ಕೊಂಡೇ ಕೂರೋದು. ಈ ಗಾಡಿ ಗುಂಯ್ ಅನ್ನೋಕೆ ಶುರುವಾದ್ಮೇಲೆ ಸೀಟೂ ನಡುಗೋದು, ಕೈಯೂ ನಡುಗೋದು. ಯಾವುದು ಗಾಡೀದು, ಯಾವುದು ನಂದು? ನಿಂತೋಗಿದ್ರೂ ನಂಗೆ ತಿಳೀತಿರ್ಲಿಲ್ಲ.”

“ಇದನ್ನ ನಂಗೆ ಹೇಳ್ಬಾರದಿತ್ತಾ ಅಮ್ಮ?” ಎಂದರು ಮಗಳು.

“ಹೇಳಿ ನಿಂಗೆ ಗಾಡಿ ಓಡಿಸೋವಾಗ ಭಯ ಹುಟ್ಟಿಸ್ಲಾ? ಇನ್ನು ನಿಮ್ಮಪ್ಪಂಗೆ ಹೇಳೋಣ ಅಂದ್ರೆ, ಆಪರೇಷನ್ ಆದಾಗಿನಿಂದ ಅವರು ಈ ಕೈ ಕಡೆ ಕಣ್ಣೆತ್ತಿ ನೋಡಿಲ್ಲ. ಒಂದು ದಿನ ಆಸ್ಪತ್ರೆಗೆ ಬಂದವರಲ್ಲ.”

ಹಿರಿಯರು ಕಾರಿನ ಆ ಬದಿಯಲ್ಲಿ ನಿಂತಿದ್ದರು. ಕೈಯಲ್ಲಿ ಆ ಉಕ್ಕಿನ ಬುಷ್ ಇತ್ತು, ಅದನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. ಒರೆಸುವುದು ನಿಂತಿತು. ನನಗೆ ಅಲ್ಲಿರಲು ಮುಜುಗರವಾಯಿತು, ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕುವ ನೆಪದಲ್ಲಿ ಬಗ್ಗಿದೆ.

“ರೀ, ಬನ್ನಿ ಇಲ್ಲಿ,” ಎಂದರು ಆಕೆ. “ಜೀವಮಾನವೆಲ್ಲ ಮೆಷಿನ್ ಮೇಲೆ ಕೈಯಿಟ್ಟವರು. ಇದೂ ಒಂದ್ಸಲ ನೋಡಿ, ಸರಿಯಾಗಿದ್ಯಾ ಹೇಳಿ.”

ಅವರು ಬಾಗಿಲು ತೆಗೆದು ಪಕ್ಕದಲ್ಲಿ ಕೂತರು. ಕೈಯನ್ನು ಪಂಚೆಗೆ ಎರಡೂ ಕಡೆ ಒರೆಸಿಕೊಂಡರು. ಆಮೇಲೆ, ಓಡುತ್ತಿರುವ ಯಂತ್ರದ ಬೇರಿಂಗ್ ಬಿಸಿಯಾಗಿದೆಯೋ ಎಂದು ನಾವು ನೋಡುತ್ತೇವಲ್ಲ, ಹಾಗೆ ಮೊದಲು ಬೆರಳ ತುದಿ, ಆಮೇಲೆ ಇಡೀ ಅಂಗೈ ಹೆಂಡತಿಯ ಮುಂಗೈ ಮೇಲಿಟ್ಟರು. ಅವರೂ ಕಣ್ಣು ಮುಚ್ಚಿದರು. ನಾನು ಚೀಲದ ಜಿಪ್ ಎಳೆಯದೆ ಹಾಗೇ ಹಿಡಿದುಕೊಂಡಿದ್ದೆ.

“ಓಡ್ತಿದೆ,” ಎಂದರು. ಮತ್ತೆ ಹೇಳಿದರು. “ಚೆನ್ನಾಗಿ ಓಡ್ತಿದೆ ಕಣೇ.”

ಕೈ ತೆಗೆಯಲಿಲ್ಲ.

ನನಗೆ ಶಿವಮೊಗ್ಗದ ಬಸ್ಸಿಗೆ ಹೊತ್ತಾಗಿತ್ತು. ಆಟೋ ಹಿಡಿಯುತ್ತೇನೆ ಎಂದೆ. ಆ ತಾಯಿ ಒಪ್ಪಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರೋಣ, ಹಾಗೇ ಗಾಡಿಯನ್ನೂ ನೋಡಿದಂತಾಗುತ್ತದೆ ಎಂದರು. ಇಳಿಯುವ ತನಕ ನಾನೇ ಓಡಿಸುತ್ತೇನೆ ಎಂದು ಕೂತೆ, ಮೇಡಂ ಪಕ್ಕದಲ್ಲಿ. ಹಳ್ಳ ಬಂದಾಗ, ಹಂಪ್ ಬಂದಾಗ ನನ್ನ ಕಿವಿ ತಾನಾಗೇ ನೆಟ್ಟಗಾಗುತ್ತಿತ್ತು. ಏನೂ ಕೇಳಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಹಿಂದಿನ ಸೀಟಿನಲ್ಲಿ ಹಿರಿಯರ ಅಂಗೈ ಇಟ್ಟ ಜಾಗದಲ್ಲೇ ಇತ್ತು.

ಬಸ್ ಸ್ಟ್ಯಾಂಡ್ ಹತ್ತಿರ ಇಳಿದು ಕೀ ಕೊಟ್ಟೆ. ಈ ಸಲ ಮೇಡಂ ಅದನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಡ್ರೈವರ್ ಸೀಟಿಗೆ ಬಂದು ಕೂತರು. ನಾನು ಬಾಗಿಲು ಹಾಕುವಷ್ಟರಲ್ಲಿ ಹಿಂದಿನಿಂದ ಹಿರಿಯರ ದನಿ ಕೇಳಿತು.

“ನಾಳೆ ಎಷ್ಟೊತ್ತಿಗೆ ಹೊರಡ್ಬೇಕಮ್ಮ ನಾವು?”